ಅಪ್ಪಯ್ಯಣ್ಣನ ಸೊಪ್ಪು

ಮಣ್ಣು ನೀರು ಕುಡಿಯುವ ಸದ್ದು, ಚೊಂಬಿನ ಬಾಯಿಂದ ಬುಡಕ್ಕೆ, ಬುಡದಿಂದ ಒಳಕ್ಕೆ, ಇಷ್ಟೇ ಇಷ್ಟು ಗಿಡ, ಐದು ಎಲೆ, ಆದರೆ ಹೋದ ವರ್ಷ ಇದೇ ಹಿತ್ತಿಲಲ್ಲಿ ನಾನು ಬೆಳೆದ ಹೊಗೆಸೊಪ್ಪಿನ ಒಂದೇ ಒಂದು ಎಲೆಯ ನೆರಳಲ್ಲಿ ಹೊಸಕೋಟೆ ಬಸ್ಸು ಇಪ್ಪತ್ತು ನಿಮಿಷ ನಿಂತು ದಣಿವಾರಿಸಿಕೊಂಡಿತು, ಸೀಟು ತುಂಬ ಜನ, ನಿಂತವರು ಬೇರೆ, ಒಬ್ಬರ ನೆತ್ತಿಗೂ ಬಿಸಿಲು ಸೋಕಲಿಲ್ಲ, ಕಂಡಕ್ಟರು ಇಳಿದು ಬಂದು ಗಿಡಕ್ಕೆ ಕೈ ಮುಗಿದು ಹೋದ — ನಂದಗುಡಿಯ ಟೀ ಅಂಗಡಿಯಲ್ಲಿ ಇದನ್ನು ಹೇಳಿದಾಗ ನಕ್ಕರು, ಬಸ್ಸು ಹಿತ್ಲಿಗೆ ಹೆಂಗ್ ಬಂತು ಅಪ್ಪಯ್ಯಣ್ಣ ಅಂತ ಒಬ್ಬ, ಬಸ್ ಬರ್ಲಿಲ್ಲ ಕಣೋ, ಎಲೆನೇ ರಸ್ತೆವರ್ಗೂ ಹೋಗಿತ್ತು ಅಂದೆ, ನಗಲಿ, ನಕ್ಕವರೇ ಆಮೇಲೆ ಒಂದು ಚೂರು ಸೊಪ್ಪು ಕೊಡಣ್ಣ ಅಂತ ಅಂಗೈ ಚಾಚಿದರು. ಅಪ್ಪಯ್ಯಣ್ಣನ ಸೊಪ್ಪು ಎಂದರೆ ಹೊಸಕೋಟೆ ಪೇಟೆಯ ಮುದುಕಿಯರೆಲ್ಲ ಎದ್ದು ಕೂರುತ್ತಾರೆ, ಎಲೆ ಅಡಿಕೆ ಅಂಗಡಿಯ ಮಸ್ತಾನ್ ಸಾಬರು ಒಂದು ಕಟ್ಟು ಬಿಚ್ಚಿದರೆ ಚಿಂತಾಮಣಿಯವರೆಗೂ ಜನ ಸೀನುತ್ತಾರೆ, ನಲವತ್ತು ವರ್ಷ ಪಳಗಿದ ಕೈ ನನ್ನದು, ಈ ಕೈ ಮುಟ್ಟಿದರೆ ಒಣಗಿದ ಕಡ್ಡಿಯೂ — ನೀರು ಹೆಚ್ಚಾಯಿತೇನೋ, ಗಿಡ ಒಂದು ಕಡೆ ವಾಲಿತು, ಬೆರಳಲ್ಲಿ ಎತ್ತಿ ನಿಲ್ಲಿಸು, ಸುತ್ತ ಮಣ್ಣು ಒತ್ತು, ಹಾಂ, ನಿಂತಿತು, ನಿಂತಿರು ತಾಯಿ, ಇವತ್ತೊಂದು ಸಂಜೆ ನಿಂತಿರು.

ಇವತ್ತು ನನ್ನ ಹೆಂಡತಿ ಮಾರಿ ಬರುತ್ತಾಳೆ. ಊರಿಗೆಲ್ಲ ಮಾರಕ್ಕ, ನನಗೆ ಮಾರಿ, ಶಿವರಾತ್ರಿ ಕಳೆದ ನಾಲ್ಕನೇ ದಿನ ಕೊಟ್ಟಿಗೆಯ ಚಪ್ಪಡಿ ಮೇಲೆ ಜಾರಿ ಬಿದ್ದಳು, ಸೊಂಟದ ಕೀಲು ಮುರಿಯಿತು, ಆ ಸದ್ದು ನನಗೆ ಟೀ ಅಂಗಡಿಯಲ್ಲಿ ಕೇಳಿಸಿತು ಎಂದು ಎಲ್ಲರಿಗೂ ಹೇಳಿದ್ದೇನೆ, ಕೇಳಿಸಲಿಲ್ಲ, ಯಾರೋ ಓಡಿ ಬಂದು ಕರೆದರು. ಆಪರೇಷನ್ ಆಯಿತು, ಆಸ್ಪತ್ರೆಗೆ ತೋರಿಸಲು ಹತ್ತಿರವಾಗಲಿ ಎಂದು ಹೊಸಕೋಟೆಯಲ್ಲಿ ತನ್ನ ತಂಗಿ ಅನುಸೂಯಮ್ಮನ ಮನೆಯಲ್ಲೇ ಎರಡು ತಿಂಗಳು ಇದ್ದಳು, ಇನ್ನು ನೆಲಕ್ಕೆ ಕೂರುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ಎಲೆ ಅಡಿಕೆಗೆ ಸೊಪ್ಪು ಹಾಕುವ ಹಾಗೂ ಇಲ್ಲ. ಫೋನಿನಲ್ಲಿ ಅವಳೇ ಹೇಳಿದಳು, ಡಾಕ್ಟ್ರು ಬೇಡ ಅಂದವ್ರೆ ಕಣಯ್ಯ, ಮೂಳೆ ಕೂಡಲ್ವಂತೆ, ನಾನಿನ್ನು ಬಾಯಿಗ್ ಹಾಕಲ್ಲ, ಆದ್ರೆ ನಮ್ಮವ್ವನ ಬೀಜ ಅದು, ಎರಡ್ ಗಿಡ ಹೂವಾಗಿ ಬೀಜ ಕಟ್ಟಕ್ಕೆ ಬುಡು, ಸಾಕು. ಎರಡೇ? ಅಂದೆ, ಇಡೀ ತಾಲ್ಲೂಕಿಗೆ ಬೀಜ ಹಂಚೋ ಹಂಗ್ ಬೆಳೀತೀನಿ ನೋಡ್ತಿರು ಅಂದೆ. ಹಂಚದ್ ಬ್ಯಾಡ, ಉಳ್ಸು, ಅಂದಳು. ಆ ಬೀಜ — ಮದುವೆಯಾಗಿ ಬರುವಾಗ ಅವರವ್ವ ಸೆರಗಿನ ತುದಿಗೆ ಗಂಟು ಹಾಕಿ ಕಳಿಸಿದ್ದು, ಸಾಸಿವೆಗಿಂತ ಸಣ್ಣದು, ಉಸಿರು ಬಿಟ್ಟರೆ ಹಾರಿಹೋಗುತ್ತದೆ, ಈಗ ಆ ಅವ್ವನೂ ಇಲ್ಲ, ತವರಿನ ಹೊಲದ ಮೇಲೆ ಗೋಡೌನು ಎದ್ದಿದೆ, ಲಾರಿ ನಿಲ್ಲುವ ಜಾಗದಲ್ಲಿ ಅವರ ಮನೆಯಿತ್ತು, ಉಳಿದದ್ದು ಈ ಬೀಜ ಒಂದೇ, ಅದೂ ಹೋದ ಹಿಂಗಾರಿನ ಜಡಿಮಳೆಗೆ ಬೂಷ್ಟು ಹಿಡಿದು ಒಂದು ಚಿಟಿಕೆಗೆ ಇಳಿದಿತ್ತು, ಸಂಕ್ರಾಂತಿಯ ಮಾರನೇ ದಿನ ಅಷ್ಟನ್ನೂ ಬೂದಿಯಲ್ಲಿ ಕಲೆಸಿ ಬಚ್ಚಲ ಹಿಂದಿನ ಪಾತಿಗೆ ಚೆಲ್ಲಿದಳು, ಮೇಲೆ ಹುಲ್ಲು ಮುಚ್ಚಿದಳು, ದಿನಾ ಕೈಯಲ್ಲೇ ನೀರು ಚಿಮುಕಿಸಿದಳು, ನಲವತ್ತೆರಡು ಸಸಿ ಎದ್ದವು. ಬೀಳುವ ದಿನ ಬೆಳಿಗ್ಗೆಯೂ ಎಣಿಸಿದ್ದಳು.

ಫೋನು, ದಿನಾ ಫೋನು, ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ, ಯುಗಾದಿ ಕಳೀತಲ್ಲ, ಗುಂಡಿ ತೋಡು, ಒಂದೊಂದ್ ಗುಂಡಿಗೆ ಹಳೇ ಕುರಿ ಗೊಬ್ಬರ ಒಂದ್ ಹಿಡಿ, ಹಿಡಿ ಅಂದ್ರೆ ನನ್ ಹಿಡಿ, ನಿಂದಲ್ಲ, ಒಂದ್ ಚಿಟಿಕೆ ಬೂದಿ, ಮಣ್ಣು ಕಲ್ಸಿ ನೀರ್ ಬುಟ್ಟು ಎಂಟ್ ದಿನ ಸುಮ್ಕಿರು, ಆಮ್ಯಾಕೆ ಬಿಸ್ಲು ಇಳಿದ್ಮೇಲೆ ನೆಡು, ತಿಳೀತಾ? ನನಗೆ ಹೇಳಿಕೊಡುತ್ತಾಳೆ, ನನಗೆ, ಸತ್ತ ಮಣ್ಣಿಗೆ ಜೀವ ಬರಿಸಿದವನಿಗೆ, ಒಂದು ಹಿಡಿಯಂತೆ, ಒಂದು ಹಿಡಿಯಲ್ಲಿ ಯಾವ ಗಿಡದ ಹೊಟ್ಟೆ ತುಂಬುತ್ತದೆ, ಅವಳು ಬಂದು ಇಳಿಯುವ ಹೊತ್ತಿಗೆ ಗಿಡ ಅವಳ ಎದೆಯುದ್ದ ಇರಬೇಕು, ಬಗ್ಗದೆಯೇ ಎಲೆ ಮುಟ್ಟಬೇಕು, ಇದು ನಿಜವಾಗಿ ನನ್ನ ಮನಸ್ಸಿನಲ್ಲಿತ್ತು, ಇದರಲ್ಲಿ ಒಂದು ಚೂರೂ ಸೇರಿಸಿಲ್ಲ. ಅದಕ್ಕೇ ಕೋಳಿ ಫಾರಮ್ಮಿನಿಂದ ಗೊಬ್ಬರ ತಂದೆ, ಅವತ್ತೇ ಗುಡಿಸಿದ್ದು, ಚೀಲ ಹೊತ್ತ ಬೆನ್ನಿಗೆ ಬಿಸಿ ತಾಗುತ್ತಿತ್ತು, ಮೂಗಿನೊಳಗೆ ಸೂಜಿ ಚುಚ್ಚಿದ ಹಾಗೆ ವಾಸನೆ, ಇದು ಗೊಬ್ಬರ ಅಂದರೆ, ಹಿಡಿಯಲ್ಲ, ಗುಂಡಿಗೊಂದು ಮೊರ, ಮೊರ ತುಂಬ ಸುರಿದೆ, ಎಂಟು ದಿನ ಯಾರು ಕಾಯುತ್ತಾರೆ, ಅವತ್ತೇ ಸಂಜೆ ನಲವತ್ತೆರಡನ್ನೂ ಕಿತ್ತು ಸಾಲಾಗಿ ನೆಟ್ಟೆ, ಬೇರು ಎಷ್ಟು ಬೆಳ್ಳಗಿತ್ತು, ಹಾಲುಹಲ್ಲಿನ ಹಾಗೆ. ಮೂರನೇ ದಿನ ಎಲೆಯ ಅಂಚು ಕಾವಲಿಗೆ ತಾಗಿದ ಹಾಗೆ ಕಂದಿತು, ಬಿಸಿಲು ಅಂದುಕೊಂಡೆ, ಈ ವರ್ಷ ಬಿಸಿಲು ಹಾಗಿತ್ತು, ಹಾರುತ್ತಿದ್ದ ಕಾಗೆ ಹುರಿದುಕೊಂಡೇ ಬಿದ್ದಿತ್ತು, ಐದನೇ ದಿನ ಒಂದೊಂದೂ ಹಿಂಡಿದ ಬಟ್ಟೆಯ ಹಾಗೆ ಮಣ್ಣಿಗೆ ಒರಗಿತು, ಚೊಂಬು ಚೊಂಬು ನೀರು ಹೊಯ್ದೆ, ನೆರಳಿಗೆ ಹೊಂಗೆ ಸೊಪ್ಪು ಮುಚ್ಚಿದೆ, ಏಳಲಿಲ್ಲ, ಒಂದನ್ನು ಕಿತ್ತು ನೋಡಿದೆ, ಬೇರು ಕರಕಾಗಿತ್ತು, ಬಿಸಿಲು ಮಣ್ಣೊಳಗೆ ಹೋಗಿ ಬೇರು ಸುಡುತ್ತದೆಯೇ, ಸುಡಬಹುದು, ಈ ವರ್ಷದ ಬಿಸಿಲು. ಅವತ್ತು ಬೆಳಿಗ್ಗೆಯೂ ಫೋನು ಬಂತು, ಹೆಂಗವೆ? ಅಂದಳು, ಆನೆ ಕಿವಿ ಕಣೇ, ಬೀಸಿದ್ರೆ ಗಾಳಿ ಬರ್ತದೆ ಅಂದೆ. ಆ ಕಡೆ ಅವಳು ಸಣ್ಣಗೆ ನಕ್ಕಳು, ನಂಬಿದಳು, ನನ್ನ ಮಾತನ್ನು ಅವಳು ನಂಬಿದ್ದು ಅದೇ ಮೊದಲಿರಬೇಕು, ಫೋನು ಇಟ್ಟ ಮೇಲೆ ಪಾತಿಯ ಪಕ್ಕ ಎಷ್ಟೋ ಹೊತ್ತು ಕೂತೆ, ಕೈಯಲ್ಲಿ ಆ ಸಸಿ.

ಸಾಬರ ಹತ್ತಿರ ಹೋಗದೆ ವಿಧಿಯಿರಲಿಲ್ಲ, ಅಂಗಡಿಯಲ್ಲಿ ಜನ ಕರಗುವವರೆಗೂ ನಿಂತು ಮೆಲ್ಲಗೆ ಎಲ್ಲ ಹೇಳಿದೆ, ಕೋಳಿ ಗೊಬ್ಬರ ಹಾಕಿದ್ದೂ ಸೇರಿಸಿ, ಅವರು ಅಡಿಕೆ ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದರು, ನಿಂದು ಗಿಡ ಸತ್ತೋಯ್ತಾ ಅಣ್ಣಾ? ನಿಂದು? ಕೋಳಿ ಗೊಬ್ಬರ ಹಸೀದು ಹಾಕ್ಬಾರ್ದು ಅಂತ ಡಬ್ಬದಾಗೆ ಗುಲಾಬಿ ಇಟ್ಟಿರೋ ನಮ್ಮನೆಯವ್ರಿಗೂ ಗೊತ್ತದೆ, ನಲವತ್ತು ವರ್ಷ ಏನ್ ಹಾಕ್ತಿದ್ದೆ? ಬಿಸ್ಲು ಸಾಬ್ರೇ, ಬಿಸ್ಲು, ಅಂದೆ. ಅವರ ಸಂಬಂಧಿಕರ ತೋಟದಿಂದ ಬಂದವು ಈ ಸಸಿ, ಲೆಕ್ಕಕ್ಕೆ ಸರಿಯಾಗಿ ನಲವತ್ತೆರಡು, ಕರಕಲು ಸಸಿಗಳನ್ನು ತಿಪ್ಪೆಯೊಳಗೆ ಮೊಣಕೈಯಾಳ ಹೂತೆ, ಹಳೇ ಗುಂಡಿಯ ಮಣ್ಣೆಲ್ಲ ಬಾಚಿ ಹೊರಗೆ ಹಾಕಿ, ಕೆರೆಮಣ್ಣು ತುಂಬಿ, ಈ ಸಲ ಹಿಡಿ, ಅವಳ ಹಿಡಿ, ನನ್ನ ಬೆರಳನ್ನು ಅರ್ಧ ಮಡಚಿ ಅವಳ ಹಿಡಿಯಷ್ಟು ಮಾಡಿಕೊಂಡು ಕುರಿ ಗೊಬ್ಬರ ಹಾಕಿದೆ, ಎಂಟು ದಿನ ಕಾದೆ, ಬಿಸಿಲು ಇಳಿದ ಮೇಲೆ ನೆಟ್ಟೆ, ಇವು ನೋಡು ಹೇಗೆ ನಿಂತಿವೆ, ಒಂದೂ ಸಾಯಲಿಲ್ಲ, ಎಲೆ ಎಲೆಯೇ ಅಲ್ಲವೇ, ಹಸಿರು ಹಸಿರೇ ಅಲ್ಲವೇ, ಇವುಗಳದ್ದೇ ಬೀಜ ತೆಗೆದು ಅವಳ ಅಂಗೈಗೆ ಇಟ್ಟರೆ ಯಾರಿಗೆ — ಹಾರ್ನು. ಬಂದರು. ಚೊಂಬು ಇಡು, ಕೈ ಒರೆಸಿಕೋ, ನಗು.

ಕಾರಿನಿಂದ ಮೊದಲು ಇಳಿದದ್ದು ಅನುಸೂಯಮ್ಮ, ಭಾವ, ಏನ್ ಇಷ್ಟು ಸೊರಗಿದೀರಾ ಅಂದಳು, ಆಮೇಲೆ ವಾಕರು, ನಾಲ್ಕು ಕಾಲು, ಆಮೇಲೆ ಅವಳು, ಇಷ್ಟು ಸಣ್ಣಗಾಗಿದ್ದಾಳೆ, ಕಿವಿಯ ಹತ್ತಿರ ಕೂದಲೆಲ್ಲ ಬೆಳ್ಳಗೆ, ಸಾಬರೂ ಸ್ಕೂಟರಿನಲ್ಲಿ ಬಂದಿದ್ದಾರೆ, ಕಿತ್ತಳೆ ಹಣ್ಣಿನ ಚೀಲ, ಅಕ್ಕ ಬಂದ್ರಂತೆ, ನೋಡ್ಕೊಂಡ್ ಹೋಗಾಣ ಅಂತ ಬಂದೆ. ಒಳಗೆ ಕಾಫಿ ಇಡ್ತೀನಿ, ಬಾ ಮಲಕ್ಕೋ, ಅಂದೆ. ಅವಳು ಒಳಗೆ ಹೋಗಲಿಲ್ಲ. ವಾಕರು ಟಕ್ ಟಕ್ ಎಂದು ಗೋಡೆ ಬದಿಯಲ್ಲಿ ಹಿತ್ತಿಲಿನ ದಾರಿ ಹಿಡಿಯಿತು, ಹಿಂದೆ ನಾವು ಮೂರೂ ಜನ, ಸಾಲಿನ ಮುಂದೆ ನಿಂತಳು, ಎಣಿಸುತ್ತಿದ್ದಾಳೆ, ತುಟಿ ಅಲ್ಲಾಡುತ್ತಿದೆ, ಎಣಿಸಲಿ, ಲೆಕ್ಕ ಸರಿಯಿದೆ. ಬಗ್ಗಕ್ಕಾಗಲ್ಲ, ಒಂದ್ ಎಲೆ ಕಿತ್ಕೊಡು. ಎಳೇದು ಕಣೇ, ಇನ್ನೆರಡ್ ವಾರ ಕಳೀಲಿ, ಆಮೇಲೆ ಏಣಿ ಹಾಕಿ ಕೀಳ್ಬೇಕಾಗ್ತದೆ, ಅಂದೆ, ಅನುಸೂಯಮ್ಮ ನಕ್ಕಳು, ಮಾರಿ ನಗಲಿಲ್ಲ, ಅಂಗೈ ಚಾಚಿದಳು. ಕಿತ್ತು ಕೊಟ್ಟೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಉಜ್ಜಿದಳು, ಮೂಗಿಗೆ ಹಿಡಿದಳು, ಮತ್ತೆ ಉಜ್ಜಿದಳು. ಅಂಟಲ್ಲ, ಅಂದಳು, ನಮ್ಮವ್ವಂದು ಬೆರಳಿಗೆ ಅಂಟ್ಕೋತಿತ್ತು. ಬೆರಳು ಬಿಡಿಸಿ ತೋರಿಸಿದಳು, ಅಂಟೂ ಇಲ್ಲ, ಘಾಟೂ ಇಲ್ಲ, ಇದು ಎಲ್ಲೀದಯ್ಯಾ? ಮಣ್ಣು ಬದಲಾಯಿಸಿದೆನಲ್ಲ ಅದಕ್ಕೆ, ನೀರು ಬದಲಾಯಿತಲ್ಲ ಅದಕ್ಕೆ, ಬಿಸಿಲು, ಎಲ್ಲ ಬಾಯಿಯವರೆಗೆ ಬಂದವು, ಸಾಬರ ಕಡೆ ನೋಡಿದೆ, ಅವರು ಕಿತ್ತಳೆ ಚೀಲದ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು, ಅವಳು ಮತ್ತೆ ಉಜ್ಜುತ್ತಿದ್ದಳು, ಇನ್ನೂ ಒಳಗೆಲ್ಲೋ ಆ ವಾಸನೆ ಇರಬಹುದು ಎನ್ನುವ ಹಾಗೆ.

ನಮ್ದಲ್ಲ, ಅಂದೆ. ಯಾರ ಗಂಟಲೋ ಅನ್ನಿಸಿತು. ನಮ್ದಲ್ಲ ಮಾರಿ, ನಿಂದು ನಾನೇ ಸುಟ್ಟೆ, ಬಿಸ್ಲಲ್ಲ, ಕೋಳಿ ಗೊಬ್ಬರ ಹಸೀದು, ಹಿಡಿ ಅಂದೆ ನೀನು, ನಾನು ಮೊರ ಸುರ್ದೆ, ಎಂಟ್ ದಿನ ಕಾಯ್ಲಿಲ್ಲ, ಇವು ಸಾಬ್ರು ತರಿಸಿಕೊಟ್ಟಿದ್ದು, ಅವ್ರದ್ದೇನೂ ತಪ್ಪಿಲ್ಲ. ಸಾಬ್ರೇ, ಈ ಸಲ ಬುಟ್ರೆ ನಲವತ್ತು ವರ್ಷದಾಗೆ ನಾನು ಒಂದೇ ಒಂದ್ ಸಸೀನೂ ನೆಟ್ಟೋನಲ್ಲ, ನೀರ್ ಹೊತ್ತಿದೀನಿ, ಒಣಗಿದ್ ಮೇಲೆ ಕಟ್ಟು ಕಟ್ಟಿ ನಿಮ್ಮಂಗಡೀಗ್ ತಂದಿದೀನಿ, ಅಷ್ಟೇ, ಬೀಜ ಇವಳ್ದು, ಪಾತಿ ಇವಳ್ದು, ಹದ ಇವಳ್ದು. ಸಾಬರು ಚೀಲ ಕೆಳಗಿಟ್ಟರು, ಹಂಗಾದ್ರೆ ನಾನ್ ಇಷ್ಟ್ ವರ್ಷ ಮಾರಿದ್ದು ಅಕ್ಕನ್ ಸೊಪ್ಪಾ? ಹೂಂ, ಅಂದೆ. ಅವಳು ಅತ್ತ ತಿರುಗಿಯೂ ನೋಡಲಿಲ್ಲ, ಅದಿರ್ಲಿ, ಅಂದಳು, ನಮ್ಮವ್ವಂದು ಎಷ್ಟ್ ಉಳಿದವೆ? ಹತ್ತು ಅನ್ನಲು ಬಾಯಿ ತೆರೆಯಿತು, ಅಭ್ಯಾಸ, ತೆರೆದ ಬಾಯಲ್ಲೇ ಹತ್ತು ಐದಾಯಿತು, ಐದು ಎರಡಾಯಿತು, ಎರಡು ಸಾಕು ಅಂದಿದ್ದಳು, ಎರಡು ಅನ್ನಬಹುದಿತ್ತು — ಒಂದೂ ಇಲ್ಲ ಮಾರಿ. ಒಂದೂ ಇಲ್ಲ. ಎಲೆ ಹಸಿರು ನೀರಾಗಿ ಅವಳ ಬೆರಳ ಸಂದಿಯಲ್ಲಿ ಇಳಿದುಹೋಗಿದೆ, ಎಲೆಯೇ ಇಲ್ಲ, ಹೆಬ್ಬೆರಳು ತೋರುಬೆರಳ ಮೇಲೆ ಉಜ್ಜುತ್ತಿದೆ, ಮೂಗಿಗೆ ಹಿಡಿಯುತ್ತಾಳೆ, ಮತ್ತೆ ಉಜ್ಜುತ್ತಿದೆ, ಉಜ್ಜುತ್ತಲೇ ಇದೆ