ಡೇರೆಯ ಪಕ್ಕದ ಬಿಸಿನೀರು

ಕೆರೆದಂಡೆಯಲ್ಲಿ ಎರಡು ದಿನ ಡೇರೆ ಹಾಕಿಕೊಂಡಿರಲು ಮನೆಯವರೆಲ್ಲ ಹೊರಟಾಗ, ಅಮ್ಮ ಬರುವುದು ಬೇಡ ಎಂದ ಅಣ್ಣ.

"ಅವಳ ಕೀಲುನೋವಿಗೆ ಬೆಳಿಗ್ಗೆ ಬಿಸಿನೀರ ಸ್ನಾನ ಆಗಲೇಬೇಕು. ಅಲ್ಲಿ ಕರೆಂಟಿಲ್ಲ. ಪುಟ್ಟ ಪಾತ್ರೆಯಲ್ಲಿ ಕಾಯಿಸ್ತಾ ಕೂತರೆ ಮಧ್ಯಾಹ್ನ ಆಗುತ್ತೆ."

"ಅಮ್ಮ ಬಂದೇ ಬರ್ತಾಳೆ. ನೀರಿನ ಚಿಂತೆ ನಂಗಿರಲಿ," ಎಂದಳು ತಂಗಿ.

ಅವಳು ಫ್ರಿಜ್ ರಿಪೇರಿಯವಳು. ಅಂಗಡಿಯಲ್ಲಿ ಬಿದ್ದಿದ್ದ ತಾಮ್ರದ ಕೊಳವೆಗೆ, ಬಾಗಿಸುವಾಗ ಚಪ್ಪಟೆಯಾಗದಂತೆ, ಮರಳು ತುಂಬಿ, ಅದನ್ನು ಸುರುಳಿ ಸುತ್ತಿದಳು. ಮರಳು ಕೊಡವಿ, ಎರಡೂ ತುದಿ ಹೊರಗಿರುವಂತೆ ಸುರುಳಿಯನ್ನು ಹಳೇ ತಗಡಿನ ಎಣ್ಣೆ ಡಬ್ಬದೊಳಗೆ ಕೂರಿಸಿದಳು.

"ಮಕ್ಕಳಾಟ," ಎಂದು ಅಣ್ಣ ನಕ್ಕ.

ಕೆರೆದಂಡೆಯಲ್ಲಿ ಬೆಳಿಗ್ಗೆ ಅವಳು ಡಬ್ಬದಲ್ಲಿ ಪುಳ್ಳೆ ಉರಿಸಿದಳು. ಕೊಂಬೆಗೆ ಕಟ್ಟಿದ, ನಲ್ಲಿ ಇರುವ ಬಕೆಟ್ಟಿನಿಂದ ನೀರು ಸುರುಳಿಯೊಳಗೆ ಹರಿದು ಕೆಳಗಿನ ಬಕೆಟ್ಟಿಗೆ ಬಿತ್ತು. ಮೊದಲು ಬರೀ ಉಗುರುಬೆಚ್ಚಗಿತ್ತು.

"ಹೇಳಿದ್ನಲ್ಲ!" ಎಂದ ಅಣ್ಣ.

ನೀರು ನಿಧಾನವಾಗಿ ಹರಿದು ಚೆನ್ನಾಗಿ ಕಾಯಲೆಂದು ತಂಗಿ ನಲ್ಲಿಯನ್ನು ಅರ್ಧ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಕೆಳಗಿನ ಬಕೆಟ್ಟಿನಿಂದ ಹಬೆ ಎದ್ದಿತು. ಅಮ್ಮ ಬೆರಳು ಅದ್ದಿ ಸರಕ್ಕನೆ ಎಳೆದುಕೊಂಡಳು.

"ಅಬ್ಬಾ, ಸುಡ್ತಿದೆ ಕಣೇ! ತಣ್ಣೀರು ಬೆರೆಸು."

ಪರದೆಯ ಹಿಂದೆ ಮನಸಾರೆ ಮಿಂದು, ತಲೆ ಒರೆಸಿಕೊಳ್ಳುತ್ತ ಬಂದ ಅಮ್ಮ ಮಗನಿಗೆ ಹೇಳಿದಳು:

"ಎರಡು ದಿನ ಸಾಲದು, ಇನ್ನೂ ಎರಡು ದಿನ ನಾನಂತೂ ಇಲ್ಲಿಂದ ಕದಲಲ್ಲ. ಹೋಗು, ಸೌದೆ ಆರಿಸ್ಕೊಂಡು ಬಾ."