ನೋವಿಗೂ ಕಸ ಮುರಿದರು

ಸರೋಜಮ್ಮನ ಬಲಮೊಣಕಾಲಿಗೆ ಒಂದು ವರ್ಷದೊಳಗೆ ಮೂರು ಸಲ ಸೂಜಿ ಚುಚ್ಚಿದರು. ಒಳಗೆ ಬಿಟ್ಟದ್ದು ಏನೆಂದು ಅವಳಿಗೆ ಹೇಳಲಿಲ್ಲ.

ವನಗೂರು ಕಡೆಯ ಆ ಎಸ್ಟೇಟಿನಲ್ಲಿ ಸಂಜೆ ಕಾಫಿಹಣ್ಣು ತೂಗುವಾಗ ಲೆಕ್ಕ ಬರೆಯುವ ರೈಟರ್ ನಟರಾಜ್ ಪ್ರತಿ ಚೀಲದ ತೂಕದಲ್ಲೂ ಒಂದಿಷ್ಟು ಕಳೆದು ಕಸ ಮುರಿಯುತ್ತಾನೆ. ಎಲೆ, ಕಡ್ಡಿ ಸೇರಿರುತ್ತದೆ ಎಂಬ ಲೆಕ್ಕ. ಚೀಲ ಎಷ್ಟೇ ಚೊಕ್ಕವಿರಲಿ, ಮುರಿಯುವುದು ಮುರಿಯುವುದೇ. ಮಂಡಿನೋವಿನ ಔಷಧಿಯ ಪ್ರಯೋಗ ಮಾಡಲು ಜೀಪಿನಲ್ಲಿ ಬಂದ ಡಾಕ್ಟರ್ ದಯಾನಂದ ಕುರ್ಚಿ ಹಾಕಿಸಿದ್ದು ಆ ತಕ್ಕಡಿಯ ಪಕ್ಕದಲ್ಲೇ. ಹೆಂಗಸರೆಲ್ಲ ಒಂದೇ ಕಡೆ ಸಿಗುತ್ತಾರಲ್ಲ, ಅನುಕೂಲ.

ಮೊದಲ ಸೂಜಿಗೆ ಸರೋಜಮ್ಮನ ಕಾಲು ಹಗುರಾಯಿತು. ಕೆಲವು ವಾರ ಹುಡುಗಿಯ ಹಾಗೆ ಮೇಲಿನ ಇಳಿಜಾರು ಹತ್ತಿದಳು, ತುಂಬಿದ ಚೀಲ ಹೊತ್ತು ಇಳಿದಳು. ಆಮೇಲೆ ನೋವು ತಿರುಗಿ ಬಂತು, ಬರುವಾಗ ಬಡ್ಡಿ ಸಮೇತ ಬಂತು.

"ನೋವು ಎಷ್ಟಮ್ಮಾ? ಇಲ್ಲವೇ ಇಲ್ಲ ಅಂದ್ರೆ ಸೊನ್ನೆ, ತಡೆಯೋಕಾಗಲ್ಲ ಅಂದ್ರೆ ಹತ್ತು," ಎಂದು ಎರಡನೆಯ ಸೂಜಿಗೆ ಬಂದ ಡಾಕ್ಟರು ಕೇಳಿದರು.

"ಎಂಟು ಐತೆ ಸಾ."

ನಟರಾಜ್ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. "ಎಂಟಾ? ಹಂಗಾದ್ರೆ ನಾಳೆಯಿಂದ ನರ್ಸರಿಗೆ ಹೋಗು. ಕೂತ್ಕಂಡು ಸಸಿ ನೆಡೋ ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬು."

ನರ್ಸರಿಯ ಕೂಲಿಯಲ್ಲಿ ಒಲೆ ಉರಿಯುವುದಿಲ್ಲ. ಸರೋಜಮ್ಮ ನಕ್ಕುಬಿಟ್ಟಳು. "ತಮಾಷೆಗಂದೆ ಕಣ್ರೀ. ಎರಡು ಅಂತ ಬರ್ಕಳಿ."

ತೂಕಕ್ಕೆ ಚೀಲ ಹಿಡಿದು ಹಿಂದೆ ನಿಂತಿದ್ದ ಚೌಡಮ್ಮ ಅವಳ ಕಿವಿಯ ಹತ್ತಿರ ಬಾಗಿ, "ಹಣ್ಣಿಗೂ ಕಸ ಮುರೀತಾನೆ, ನೋವಿಗೂ ಮುರೀತಾನೆ ಕಣೆ," ಎಂದಳು.

ಅಂದಿನಿಂದ ಆ ಸಾಲಿನಲ್ಲಿ ಯಾರ ನೋವೂ ಎರಡು ದಾಟಲಿಲ್ಲ. ಡಾಕ್ಟರ ಮುಖ ಅರಳಿತು. ಹೆಂಗಸರು ನಗುನಗುತ್ತಾ ಸುಳ್ಳು ಹೇಳುತ್ತಿದ್ದರು, ಆಸರೆಗೆ ಕಾಫಿ ಗಿಡ ಹಿಡಿದುಕೊಂಡು ಎಸ್ಟೇಟಿನವರು ಕೂಲಿಯವರಿಗೆ ಕೊಟ್ಟ ಲೈನ್ ಮನೆಗೆ ಇಳಿಯುತ್ತಿದ್ದರು.

ಡಾಕ್ಟರ ಜೊತೆ ಬರುತ್ತಿದ್ದ ನರ್ಸ್ ಆಶಾ, ಆಲೂರಿನ ಹುಡುಗಿ. ಮೂರನೆಯ ಸೂಜಿಯಾದ ಸಂಜೆ ಎಸ್ಟೇಟಿನ ಸ್ಟೋರಿನ ಹಿಂದೆ ಚೌಡಮ್ಮ ಅವಳನ್ನು ಹಿಡಿದು, ಸೂಜಿಯೊಳಗೆ ಏನಿದೆಯೆಂದು ಕೇಳಿದಳು.

"ಕೆಲವರಿಗೆ ಔಷಧಿ, ಕೆಲವರಿಗೆ ಬರೀ ಉಪ್ಪುನೀರು ಅಕ್ಕ. ಯಾರಿಗೆ ಯಾವುದು ಅಂತ ನಮಗೂ ಗೊತ್ತಿರಲ್ಲ," ಎಂದಳು ಆಶಾ. "ಬೇರೆ ಕಡೆ ನೋಡಿರೋ ಪ್ರಕಾರ ಔಷಧಿಯವ್ರಿಗೆ ಕೆಲವು ವಾರ ಹಗುರ, ಆಮೇಲೆ ಇಬ್ಬರದೂ ಹೆಚ್ಚುಕಮ್ಮಿ ಒಂದೇ. ಪದೇಪದೇ ಚುಚ್ಚಿದ್ರೆ ಮೂಳೆ ಮಧ್ಯದ ಮೆತ್ತೆ ಸವೆಯುತ್ತೆ ಅಂತಾನೂ ಹೇಳ್ತಾರೆ. ನಾನಂದೆ ಅನ್ನಬೇಡಿ."

ಆಮೇಲೆ ಒಂದು ದಿನ ಬೆಳಗ್ಗೆ, ಮೇಲಿನ ಇಳಿಜಾರಿನಲ್ಲಿ ಮಂಜು ಇನ್ನೂ ಬಿಟ್ಟಿರಲಿಲ್ಲ. ಕಾವಲಿನವನ ಸೀಟಿ ಕೇಳಿತು. ಆನೆ ಬಂದರೆ ಊದುವ ಸೀಟಿ ಅದು. ಕೇಳಿದರೆ ಚೀಲ ಬಿಸಾಕಿ ಓಡಬೇಕು, ಅಷ್ಟೇ. ಎಲ್ಲರೂ ಓಡಿದರು. ಚೌಡಮ್ಮ ತಿರುಗಿ ನೋಡಿದಾಗ ಸರೋಜಮ್ಮ ಸಿಲ್ವರ್ ಓಕ್ ಮರ ತಬ್ಬಿಕೊಂಡು ನಿಂತಿದ್ದಳು. ಕಾಲು ಮಡಚುತ್ತಿರಲಿಲ್ಲ.

"ಓಡೇ ಸರೋಜಿ."

"ಆಗಲ್ಲ ಕಣಕ್ಕ. ನೀನು ಹೋಗು."

ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂದರು. ಹೆಣದ ಸುತ್ತ ಆನೆಯ ಹೆಜ್ಜೆ ಅಳೆದರು. ಸರೋಜಮ್ಮನ ಮೊಣಕಾಲನ್ನು ಯಾರೂ ನೋಡಲಿಲ್ಲ.

ತಿಥಿ ಮುಗಿಯುವ ಮೊದಲೇ ಜೀಪು ಮತ್ತೆ ಏರು ಹತ್ತಿತು. ಸಂಜೆ ತಕ್ಕಡಿಯ ಪಕ್ಕದ ಕುರ್ಚಿಯಲ್ಲಿ ಕೂತು ಡಾಕ್ಟರು ಮೆತ್ತಗೆ ಹೇಳಿದರು, "ಪಾಪ, ಸರೋಜಮ್ಮ ಕೊನೇ ಸಲ ಎರಡು ಅಂದಿದ್ರು. ಅವರಿಗೆ ಒಳ್ಳೆ ಗುಣ ಕಂಡಿತ್ತು. ಅವರ ಜಾಗಕ್ಕೆ ಒಬ್ಬರು ಬೇಕು."

"ಚೌಡಮ್ಮಂಗೂ ಮಂಡಿ ಹಿಡ್ಕಂಡೈತೆ," ಎಂದ ನಟರಾಜ್. "ಬಾ, ಕೂತ್ಕೋ. ತೋಟದ ಸಾವ್ಕಾರ್ರು ಹೇಳವ್ರೆ."

ಚೌಡಮ್ಮ ಬೆಂಚಿನ ಮೇಲೆ ಕೂತಳು. ಆಶಾ ಸೂಜಿಯ ತಟ್ಟೆ ಹಿಡಿದು ನೆಲ ನೋಡುತ್ತಿದ್ದಳು.

"ಅದ್ರೊಳಗೆ ಏನೈತೆ ಡಾಕ್ಟ್ರೇ?"

"ಅದು ನನಗೂ ಗೊತ್ತಿರಬಾರದಮ್ಮ. ಪ್ರಯೋಗದ ನಿಯಮ."

"ನಿಮ್ಗೂ ಗೊತ್ತಿಲ್ಲ, ನಮ್ಗೂ ಗೊತ್ತಿಲ್ಲ. ಆನೆಗೆ ಗೊತ್ತಾಗೋಯ್ತು ನೋಡಿ."

ದೂರದ ಕೆಳಗಿನ ತೋಟದಲ್ಲಿ ಕಾವಲಿನವನ ಸೀಟಿ ಕೇಳಿತು. ಸಾಲಿನ ಹೆಂಗಸರ ಕತ್ತು ಒಟ್ಟಿಗೆ ಆ ಕಡೆ ಹೊರಳಿತು. ಚೌಡಮ್ಮ ಮೊಣಕಾಲನ್ನು ನಿಧಾನ ಮಡಚಿ, ನಿಧಾನ ಬಿಡಿಸಿದಳು. ಜೀವ ಹಿಂಡುವಷ್ಟು ನೋಯಿತು. ಆದರೆ ಮಡಚಿತು.

"ಹತ್ತು," ಎಂದಳು. "ಕಸ ಮುರೀಬೇಡಿ. ಹತ್ತೇ."

ನಟರಾಜ್ ಹತ್ತಿರ ಬಂದ. "ನೋಡು, ಆಗಲ್ಲ ಅಂದ್ರೆ ಲೈನ್ ಮನೆ ಕೇಳೋರು ಬೇಕಾದಷ್ಟು ಜನ ಅವ್ರೆ. ಯೋಚ್ನೆ ಮಾಡು. ಸೀರೆ ಮೇಲೆತ್ತು."

ಚೌಡಮ್ಮ ಸೀರೆಯ ಅಂಚನ್ನು ಮಂಡಿಯ ಕೆಳಗೆ ಎಳೆದು ಎರಡೂ ಕೈಯಲ್ಲಿ ಅದುಮಿ ಹಿಡಿದಳು.

"ಎತ್ತಲ್ಲ."