ಗುರುವಿಗೆ ಪೆಟ್ಟಾಗದಂತೆ

ಮಂಗಳವಾರ ಬೆಳಿಗ್ಗೆ ಲೇತ್ ಯಂತ್ರದ ಬೆಲ್ಟು ಬುಂಚುವಿನ ಬಲಗೈಯನ್ನು ಭುಜದವರೆಗೂ ಎಳೆದುಕೊಂಡಿತು. ಮದ್ದಳೆಗೆಂದು ಕಡೆಯುತ್ತಿದ್ದ ಹಲಸಿನ ದಿಮ್ಮಿ ಆಮೇಲೂ ತಿರುಗುತ್ತಲೇ ಇತ್ತು. ಪಕ್ಕದಲ್ಲಿ ತೊಗಲಿನ ಬಾರು ಬಿಗಿಯುತ್ತಿದ್ದ ಅಕ್ಕ ಲಮೋಮ್ ಓಡಿಬಂದು ಯಂತ್ರ ನಿಲ್ಲಿಸುವಷ್ಟರಲ್ಲಿ ಅವಳ ಮುಖದ ತುಂಬ ತಮ್ಮನ ರಕ್ತ. ಆಂಗ್‌ಥಾಂಗ್ ಪೇಟೆಯ ಆಸ್ಪತ್ರೆ ಮುಟ್ಟುವ ಮೊದಲೇ ಅವನ ಜೀವ ಹೋಯಿತು.

ಕೆಲಸ ಬೇಗ ಸಾಗಲೆಂದು ಬೆಲ್ಟಿನ ಮೇಲಿನ ತಗಡಿನ ಮುಚ್ಚಳ ಬಿಚ್ಚಿಸಿದವನು ಧಣಿ ಪ್ರಯೂನ್. ಬುಧವಾರವೇ ಅವಸರದಲ್ಲಿ ಹೆಣ ಸುಡಿಸಿದವನೂ ಅವನೇ. "ಬುಂಚು ಕುಡಿದು ಬಂದಿದ್ದ" ಎಂದು ಬರೆದ ಕಾಗದಕ್ಕೆ ಲಮೋಮ್ ರುಜು ಹಾಕಲಿಲ್ಲ.

ಗುರುವಾರ ಸಾವಿನ ವಿಚಾರಣೆಗೆ ಕಾರ್ಮಿಕ ಇಲಾಖೆಯ ಸಾಹೇಬರು ಬರುವವರಿದ್ದರು. ಅವರಿಗಿಂತ ಮೊದಲು ಧಣಿಯ ಇಬ್ಬರು ಆಳುಗಳು ಬಂದರು. ಲಮೋಮ್ ಪೂಜೆಯ ತಪೋನ್ ಮದ್ದಳೆಯನ್ನು ಕೆಲಸದ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಇಟ್ಟು ಅದರ ಹಿಂದೆ ಕೂತಳು. ವಾದ್ಯ ಮಾಡುವವರಿಗೆ, ಬಾರಿಸುವವರಿಗೆ ಅದು ಗುರು. ಅದನ್ನು ದಾಟುವ ಎದೆ ಆ ಊರಲ್ಲಿ ಯಾರಿಗೂ ಇಲ್ಲ.

"ಅಕ್ಕಾ, ಇದೇನ್ ಮಾಡ್ದೆ? ಗುರೂನ ದಾಟೋಕಾಗ್ತದಾ?"

"ಆಗಲ್ಲ. ವಾಪಸ್ ಹೋಗ್ರೋ."

ದಪ್ಪನೆಯವನು ಚಪ್ಪಲಿ ಬಿಟ್ಟು ಕೈ ಮುಗಿದ. "ಹುಷಾರು ಕಣೋ, ಆ ಕಡೆ ನೀ ಹಿಡಿ. ಗುರುವಿಗೆ ಪೆಟ್ಟಾಗ್ಬಾರ್ದು."

ಮದ್ದಳೆಯನ್ನು ಕೂಸನ್ನೆತ್ತುವ ಹಾಗೆ ಎತ್ತಿ ಎತ್ತರದ ಹಲಗೆಯ ಮೇಲಿಟ್ಟರು. ಜಾರಿದ್ದ ಮಲ್ಲಿಗೆ ಹಾರ ಸರಿಮಾಡಿದರು. ಆಮೇಲೆ ರುಜು ಹಾಕದ ಅವಳ ಬಲಗೈಯನ್ನು ದಿಮ್ಮಿಯ ಮೇಲೊತ್ತಿ ಹಿಡಿದು ಕೊಡತಿಯಿಂದ ಬಡಿದರು. ಮೂರು ಸಲ. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿತು. ಕೊಟ್ಟಿಗೆಯಲ್ಲಿದ್ದ ಹತ್ತು ಜನ ಕೆಲಸಗಾರರು ಉಳಿ ಹಿಡಿದು ನೆಲ ನೋಡಿದರು.

ಮಧ್ಯಾಹ್ನ ಸಾಹೇಬರು ಬಂದು ಎಳನೀರು ಕುಡಿದರು.

"ಅವಳ ಕೈಗೇನಾಯ್ತು?"

"ಅವ್ಳೂ ಕುಡೀತಾಳೆ ಸಾರ್," ಧಣಿ ನಕ್ಕ. "ವಂಶಾನೇ ಅಂಥದ್ದು. ಬಿದ್ದು ಮುರ್ಕೊಂಡ್ಳು."

ಸಾಹೇಬರು ಬರೆದುಕೊಂಡರು.

ಲಮೋಮ್ ಎದ್ದಳು. ನೇರ ಹೋಗಿ ಅವರ ಮೂಗಿನ ಮುಂದೆ ಬಾಯಿ ತೆರೆದಳು.

"ಮೂಸಿ."

"ಏಯ್, ದೂರ ನಿಲ್ಲು!"

"ತಮ್ಮನ ಬಾಯಿ ಸುಟ್ಟಾಯ್ತು. ನಂದೈತಲ್ಲ, ಮೂಸಿ ಸಾಹೇಬ್ರೇ. ಮೂಸಿ ಬರ್ಕೊಳ್ಳಿ."

ಧಣಿ ಅವಳ ಜುಟ್ಟು ಹಿಡಿದು ಎಳೆದ. ಅವಳು ಕದಲಲಿಲ್ಲ. ಮುದುಕ ಸಂಗಿಯಮ್ ಉಳಿಯನ್ನು ಕೈಯಲ್ಲೇ ಹಿಡಿದು ಬಂದು ಅವಳ ಹಿಂದೆ ನಿಂತ.

"ಕೂದ್ಲು ಬಿಡು ಧಣಿ. ಆಮೇಲೆ ನನ್ ಬಾಯಿ ಮೂಸ್ಲಿ. ನೀ ಹೇಳ್ದೆ ಅಂತ ಮುಚ್ಚಳ ಬಿಚ್ಚಿದ ಪಾಪಿ ನಾನೇ."

ಅವನ ಹಿಂದೆ ಮತ್ತೊಬ್ಬ ಬಂದ. ಮತ್ತೊಬ್ಬಳು. ಪ್ರಯೂನನ ಕೈ ತಾನಾಗಿ ಸಡಿಲವಾಯಿತು.

ಸಾಹೇಬರು ಪುಸ್ತಕ ಮುಚ್ಚಲು ಹೋದರು.

"ಮುಚ್ಬೇಡಿ," ಎಂದಳು ಲಮೋಮ್. "ಸಂಗಿಯಮ್ ಅಜ್ಜನ ಹಿಂದೆ ಇನ್ನೂ ಒಂಬತ್ತು ಜನ ಅವ್ರೆ."